ಬಂಡೆಯನ್ನು ತಲುಪುವ ಮೊದಲು

ಕಲ್ಲುಗಣಿಗಳಲ್ಲಿ ಬಂಡೆ ಸಿಡಿಸುವ ಮುನ್ನ ಕೆಂಪು ಬಾವುಟ ನೆಡುವುದನ್ನೂ ಸೀಟಿ ಊದಿ ಜನರನ್ನು ದೂರ ಸರಿಸುವುದನ್ನೂ ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಸಿಡಿಮದ್ದಿನ ಅಪಾಯವೆಲ್ಲ ಅದು ಸಿಡಿಯುವ ಆ ಒಂದು ಗಳಿಗೆಯಲ್ಲಿದೆ ಎಂದು ನಾವು ಭಾವಿಸುವುದು ಸಹಜವೇ. ಆದರೆ ಇಂದಿಗೂ ಜಾರಿಯಲ್ಲಿರುವ 1884ರ ಸ್ಫೋಟಕಗಳ ಕಾಯಿದೆಯನ್ನು ತೆರೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ತಯಾರಿಕೆ, ಸ್ವಾಧೀನ, ಬಳಕೆ, ಮಾರಾಟ, ಸಾಗಣೆ, ಆಮದು, ರಫ್ತು ಎಂಬ ಏಳು ಕೆಲಸಗಳನ್ನು ಅದು ನಿಯಂತ್ರಿಸುತ್ತದೆ. ಈ ಏಳರಲ್ಲಿ ಬಳಕೆ ಎಂಬುದು ಒಂದು ಮಾತ್ರ. ಉಳಿದವು ಮದ್ದು ಬಂಡೆಯ ಕುಳಿಯನ್ನು ಸೇರುವ ಮೊದಲಿನ ಸಂಗತಿಗಳು. ಕಾನೂನಿಗೆ ಈ ಎಚ್ಚರ ಎಲ್ಲಿಂದ ಬಂತೆಂಬುದನ್ನು ಹುಡುಕಿದರೆ ಒಂದೂವರೆ ಶತಮಾನದ ದುರಂತಗಳ ಸಾಲು ಎದುರಾಗುತ್ತದೆ.

ಯುರೋಪಿನ ಗಣಿಗಳಲ್ಲಿ ಕಪ್ಪುಮದ್ದಿನಿಂದ ಬಂಡೆ ಒಡೆದ ಮೊದಲ ಖಚಿತ ದಾಖಲೆ 1627ರದು. ಸ್ಥಳ, ಇಂದಿನ ಸ್ಲೊವಾಕಿಯಾದಲ್ಲಿರುವ ಶೆಮ್ನಿಟ್ಸ್. ಆ ಬಳಿಕ ಸುಮಾರು ಎರಡು ಶತಮಾನಗಳ ಕಾಲ ಗಣಿಗಾರರನ್ನು ಕಾಡಿದ್ದು ಬತ್ತಿಯ ಸಮಸ್ಯೆ. ಹುಲ್ಲುಕಡ್ಡಿಯಲ್ಲೋ ಹಕ್ಕಿಯ ಗರಿಯ ಟೊಳ್ಳಿನಲ್ಲೋ ಮದ್ದು ತುಂಬಿ ಕಿಡಿ ತಾಕಿಸುತ್ತಿದ್ದರು. ಅದು ಎಷ್ಟು ಹೊತ್ತಿಗೆ ಒಳಗಿನ ಮದ್ದನ್ನು ಮುಟ್ಟುವುದೆಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಚರ್ಮದ ವ್ಯಾಪಾರಿ ವಿಲಿಯಂ ಬಿಕ್‌ಫರ್ಡ್, ಹಗ್ಗ ಹೊಸೆಯುವ ವಿಧಾನವನ್ನು ನೋಡಿ, ನಡುವೆ ಮದ್ದಿನ ಎಳೆಯಿರುವ ಬತ್ತಿಯೊಂದನ್ನು ರೂಪಿಸಿ 1831ರಲ್ಲಿ ಪೇಟೆಂಟ್ ಪಡೆದ. ಇಷ್ಟು ಉದ್ದಕ್ಕೆ ಇಷ್ಟು ಹೊತ್ತು ಎಂಬ ಲೆಕ್ಕ ಆಗ ಸಾಧ್ಯವಾಯಿತು. ಕುಳಿಯೊಳಗಿನ ಅಪಾಯಕ್ಕೆ ಒಂದು ಉತ್ತರ ದೊರೆಯಿತು. ಕುಳಿಯ ಹೊರಗಿನ ಅಪಾಯ ಆಗಿನ್ನೂ ತನ್ನ ನಿಜವಾದ ಮುಖವನ್ನು ತೋರಿರಲಿಲ್ಲ.

ಅದನ್ನು ತೋರಿಸಿದ್ದು ನೈಟ್ರೋಗ್ಲಿಸರಿನ್. 1847ರಲ್ಲಿ ಇಟಲಿಯ ಸೊಬ್ರೆರೊ ಕಂಡುಹಿಡಿದ ಈ ದ್ರವವನ್ನು ಆಲ್‌ಫ್ರೆಡ್ ನೊಬೆಲ್ ವ್ಯಾಪಾರಕ್ಕಿಳಿಸಿದ. 1864ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನ ಅವನ ಪ್ರಯೋಗಶಾಲೆ ಸಿಡಿದು ಅವನ ತಮ್ಮ ಎಮಿಲ್ ಸೇರಿ ಹಲವರು ಸತ್ತರು. ನಗರದ ಎಲ್ಲೆಯೊಳಗೆ ಆ ಕೆಲಸ ಕೂಡದೆಂದು ಆಡಳಿತ ನಿಷೇಧಿಸಿತು; ನೊಬೆಲ್ ಸರೋವರದ ಮೇಲೆ ನಿಲ್ಲಿಸಿದ ದೋಣಿಗೆ ತನ್ನ ಕೆಲಸವನ್ನು ಸಾಗಿಸಬೇಕಾಯಿತು. 1866ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ವೆಲ್ಸ್ ಫಾರ್ಗೊ ಸಾಗಣೆ ಕಚೇರಿಗೆ, ಒಳಗೇನಿದೆಯೆಂದು ಯಾರಿಗೂ ತಿಳಿಯದ, ಸೋರುತ್ತಿದ್ದ ಪೆಟ್ಟಿಗೆಯೊಂದು ಬಂತು. ಅದನ್ನು ಬಿಚ್ಚಲು ಹೊರಟಾಗ ಕಟ್ಟಡವೇ ಸಿಡಿದು ಹದಿನೈದರಷ್ಟು ಜನ ಮಡಿದರು. ಆಗ ಸಿಯೆರಾ ನೆವಾಡಾ ಪರ್ವತವನ್ನು ಕೊರೆದು ರೈಲುಹಾದಿ ನಿರ್ಮಿಸುತ್ತಿದ್ದವರು ಇದರಿಂದ ಕಲಿತ ಪಾಠ ಗಮನಾರ್ಹವಾದುದು. ಅವರು ನೈಟ್ರೋಗ್ಲಿಸರಿನನ್ನು ಹೊತ್ತು ತರುವುದನ್ನೇ ಬಿಟ್ಟು ಸುರಂಗದ ಬಳಿಯಲ್ಲೇ ತಯಾರಿಸತೊಡಗಿದರು. ಇಂದು ನಮ್ಮ ದೊಡ್ಡ ಗಣಿಗಳಲ್ಲಿ, ಬಿಡಿಬಿಡಿಯಾಗಿ ಸಿಡಿಯದ ಘಟಕಗಳನ್ನು ವಾಹನದಲ್ಲಿ ತಂದು ಕುಳಿಯ ಬಾಯಲ್ಲೇ ಬೆರೆಸಿ ತುಂಬುವ ಪದ್ಧತಿಯ ಹಿಂದಿರುವುದೂ ಇದೇ ವಿವೇಕ.

ಬ್ರಿಟನ್ನಿನ ಪಾಠ ಕಾಲುವೆಯೊಂದರ ಮೇಲೆ ನಡೆಯಿತು. 1874ರ ಅಕ್ಟೋಬರ್ 2ರ ಬೆಳಗಿನ ಜಾವ, ಲಂಡನ್ನಿನ ರೀಜೆಂಟ್ಸ್ ಉದ್ಯಾನದ ಬದಿಯ ಕಾಲುವೆಯಲ್ಲಿ ಸಾಗುತ್ತಿದ್ದ ದೋಣಿಯಲ್ಲಿ ಕೋವಿಮದ್ದಿನ ಜೊತೆಗೆ ಪೆಟ್ರೋಲಿಯಮ್ಮೂ ಇತ್ತು. ದೋಣಿ ಸಿಡಿದು ಅದರಲ್ಲಿದ್ದ ಮೂವರು ಸತ್ತರು, ಮೇಲಿನ ಸೇತುವೆ ಕುಸಿಯಿತು. ಮರುವರ್ಷವೇ, ಅಂದರೆ 1875ರಲ್ಲಿ, ಬ್ರಿಟನ್ನಿನ ಸ್ಫೋಟಕಗಳ ಕಾಯಿದೆ ಬಂತು. ದೊಡ್ಡ ಕಾರ್ಖಾನೆ ಮತ್ತು ಮದ್ದಿನ ಮನೆಗಳಿಗೆ ಸರ್ಕಾರದ ಪರವಾನಗಿ, ಚಿಕ್ಕ ದಾಸ್ತಾನುಗಳಿಗೆ ಸ್ಥಳೀಯ ಆಡಳಿತದ ಅನುಮತಿ, ಇವುಗಳ ಮೇಲೆ ತನಿಖಾಧಿಕಾರಿಗಳ ಕಣ್ಣು ಎಂಬ ವ್ಯವಸ್ಥೆ ಅಲ್ಲಿ ರೂಪುಗೊಂಡಿತು. ಒಂಬತ್ತು ವರ್ಷಗಳ ಬಳಿಕ ಭಾರತಕ್ಕೂ ಕಾಯಿದೆ ಬಂತು. 1898ರಲ್ಲಿ ಇಲ್ಲಿಯೂ ಸ್ಫೋಟಕಗಳ ಇಲಾಖೆ ಹುಟ್ಟಿಕೊಂಡಿತು. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಇಂದಿನ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ ಅದರದೇ ಮುಂದುವರಿಕೆ.

ಮದ್ದನ್ನು ಬೇರೆಯಾಗಿ, ದೂರವಾಗಿ ಇಡಬೇಕೆಂಬ ತಿಳಿವಳಿಕೆ ಮಾತ್ರ ಕಾಯಿದೆಗಳಿಗಿಂತ ಹಳೆಯದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ನೆಲಮಟ್ಟಕ್ಕಿಂತ ತಗ್ಗಿನಲ್ಲಿ, ದಪ್ಪ ಗೋಡೆಗಳೊಡನೆ, ಒಂದಕ್ಕೊಂದು ಅಂಟದಂತೆ ನಿಂತಿವೆ. ಅವುಗಳಲ್ಲೊಂದನ್ನು ಜೋಡಿ ರೈಲುಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ ಸುದ್ದಿ ಅನೇಕರಿಗೆ ನೆನಪಿರಬಹುದು.

ಮುಂಬಯಿಯಲ್ಲಿ ಬಾಳುವ ನಮಗೆ ಈ ಇತಿಹಾಸದ ಅತ್ಯಂತ ಘೋರ ಅಧ್ಯಾಯ ಮನೆಯ ಬಾಗಿಲಿನದೇ. 1944ರ ಏಪ್ರಿಲ್ 12ರಂದು ಫೋರ್ಟ್ ಸ್ಟೈಕಿನ್ ಎಂಬ ಹಡಗು ಇಲ್ಲಿನ ವಿಕ್ಟೋರಿಯಾ ಡಾಕಿಗೆ ಬಂದು ನಿಂತಿತು. ಅದರಲ್ಲಿ ಸುಮಾರು 1,400 ಟನ್ ಯುದ್ಧಸ್ಫೋಟಕಗಳಿದ್ದವು. ಕರಾಚಿಯಲ್ಲಿ ಅದಕ್ಕೆ ಸಾವಿರಾರು ಹತ್ತಿ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿದ್ದರು. ಈ ಬೆರಕೆ ಸರಕಿನ ಬಗ್ಗೆ ಕಪ್ತಾನ ತನ್ನ ಆಕ್ಷೇಪವನ್ನು ದಾಖಲಿಸಿದ್ದ. ಯುದ್ಧದ ಅವಸರದಲ್ಲಿ ಅದನ್ನು ಕೇಳುವವರಿರಲಿಲ್ಲ. ಎರಡು ದಿನ ಕಳೆದರೂ ಸ್ಫೋಟಕಗಳು ಹಡಗಿನಲ್ಲೇ ಉಳಿದಿದ್ದವು. 14ರ ಮಧ್ಯಾಹ್ನ ಹತ್ತಿಗೆ ಹತ್ತಿದ ಬೆಂಕಿ ಆರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಮೊದಲ ಸ್ಫೋಟ, ಅರ್ಧ ಗಂಟೆಯ ಬಳಿಕ ಎರಡನೆಯದು. ದೂರದ ಸಿಮ್ಲಾದ ಭೂಕಂಪಮಾಪಕದಲ್ಲೂ ಅದರ ಕಂಪನ ದಾಖಲಾಯಿತು. ಸತ್ತವರ ಲೆಕ್ಕ ಎಂಟುನೂರರಿಂದ ಸಾವಿರದ ಮುನ್ನೂರರವರೆಗೆ ಬೇರೆ ಬೇರೆಯಾಗಿ ಸಿಗುತ್ತದೆ. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ 66 ಮಂದಿ ಹಿಂತಿರುಗಲಿಲ್ಲ. ಏಪ್ರಿಲ್ 14ರಿಂದ ದೇಶದ ಕಚೇರಿಗಳಲ್ಲೆಲ್ಲ ಅಗ್ನಿಶಾಮಕ ಸಪ್ತಾಹ ಆಚರಿಸುವುದು ಇವರ ನೆನಪಿಗಾಗಿಯೇ. ಆ ಸ್ಫೋಟಕಗಳನ್ನು ಅಂದು ಸಿಡಿಸಿದವರು ಯಾರೂ ಇಲ್ಲ. ಅವು ಇರಬಾರದ ನೆರೆಯಲ್ಲಿ, ಇರಬೇಕಾದುದಕ್ಕಿಂತ ಹೆಚ್ಚು ಹೊತ್ತು ಕಾದಿದ್ದವು, ಅಷ್ಟೇ.

ಸ್ವತಂತ್ರ ಭಾರತದ ನಿಯಮಗಳು ಈ ಅನುಭವಗಳನ್ನೆಲ್ಲ ತಮ್ಮೊಳಗೆ ಸೇರಿಸಿಕೊಂಡಿವೆ. ಸದ್ಯದ ಸ್ಫೋಟಕಗಳ ನಿಯಮಾವಳಿ 2008ರದು. ಅದರ ಪ್ರಕಾರ ಮದ್ದಿನ ಮನೆಗೆ ಪರವಾನಗಿ ಬೇಕು, ಅದಕ್ಕೂ ಮೊದಲು ಜಿಲ್ಲಾಡಳಿತದ ನಿರಾಕ್ಷೇಪಣಾ ಪತ್ರ ಬೇಕು. ಸುತ್ತಲಿನ ಮನೆ, ರಸ್ತೆಗಳಿಂದ ಇಷ್ಟು ದೂರ ಎಂಬುದು ನಕ್ಷೆಯಲ್ಲಿ ಗುರುತಾಗಿರಬೇಕು. ಜಿಲೆಟಿನ್ ಕಡ್ಡಿಗಳ ಜೊತೆಯಲ್ಲೇ ಡಿಟೋನೇಟರುಗಳನ್ನು ರಾಶಿ ಹಾಕುವಂತಿಲ್ಲ. ಅವುಗಳಿಗೆ ಬೇರೆ ಜಾಗ. ಸಾಗಿಸುವ ವ್ಯಾನಿಗೂ ಪ್ರತ್ಯೇಕ ಪರವಾನಗಿ. ಬಂದದ್ದೆಷ್ಟು, ಬಳಸಿದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ ಪುಸ್ತಕದಲ್ಲಿರಬೇಕು. ಇಷ್ಟೆಲ್ಲ ಆದ ಮೇಲೆ ಬರುವುದು ಸಿಡಿಸುವ ಕೆಲಸ. ಅದನ್ನು ಅರ್ಹತಾಪತ್ರವಿರುವ ಬ್ಲಾಸ್ಟರನೇ ಮಾಡಬೇಕು. ಲೋಹಗಣಿಗಳ 1961ರ ನಿಯಮಾವಳಿಯಂತೆ 300 ಮೀಟರ್ ತ್ರಿಜ್ಯದ ಅಪಾಯ ವಲಯದಿಂದ ಜನರನ್ನು ಸರಿಸಿರಬೇಕು. ಸಿಡಿಯದೆ ಉಳಿದ ಕುಳಿಯನ್ನು ಮತ್ತೆ ಕೆದಕಬಾರದು, ಪಕ್ಕದಲ್ಲಿ ಬೇರೊಂದು ಕುಳಿ ಕೊರೆದು ಸಿಡಿಸಬೇಕು.

ಹೀಗಿದ್ದೂ 2015ರ ಸೆಪ್ಟೆಂಬರ್ 12ರ ಬೆಳಿಗ್ಗೆ ಮಧ್ಯಪ್ರದೇಶದ ಝಾಬುವಾ ಜಿಲ್ಲೆಯ ಪೇಟ್ಲಾವದ್ ಪಟ್ಟಣದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬಾವಿ ತೋಡಲು, ಕಲ್ಲು ಒಡೆಯಲು ಬಳಸುವ ಜಿಲೆಟಿನ್ ಕಡ್ಡಿಗಳನ್ನು ಜನಜಂಗುಳಿಯ ನಡುವಿನ ಕಟ್ಟಡದಲ್ಲಿ ಕೂಡಿಟ್ಟಿದ್ದರು. ಪಕ್ಕದಲ್ಲೇ ಉಪಾಹಾರ ಗೃಹವಿತ್ತು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಸಮೀಪದ ಹುಣಸೋಡಿನಲ್ಲಿ ಜಲ್ಲಿ ಕ್ರಷರಿನ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿಯಿತು. ನೆರೆಯ ಜಿಲ್ಲೆಗಳಲ್ಲೂ ಜನ ಭೂಕಂಪವೆಂದು ಮನೆಯಿಂದ ಹೊರಗೋಡಿದರು. ಕನಿಷ್ಠ ಐವರು ಕಾರ್ಮಿಕರು ಗುರುತು ಸಿಗದಷ್ಟು ಛಿದ್ರರಾದರು. ಒಂದು ತಿಂಗಳು ಕಳೆದ ಸ್ವಲ್ಪದರಲ್ಲೇ, ಫೆಬ್ರವರಿ 23ರ ನಡುರಾತ್ರಿಯ ಬಳಿಕ, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಆರು ಮಂದಿ ಮಡಿದರು. ಪೊಲೀಸರ ಭಯದಿಂದ ಅಕ್ರಮ ಜಿಲೆಟಿನನ್ನು ಮರೆಮಾಡಲು ಹೊರಟಾಗ ಅದು ಸಿಡಿಯಿತೆಂದು ಅಂದಿನ ವರದಿಗಳು ತಿಳಿಸಿದವು. ಮೂರೂ ಕಡೆ ಬಂಡೆಯಲ್ಲಿ ಕುಳಿಯಿರಲಿಲ್ಲ, ಬಾವುಟವಿರಲಿಲ್ಲ, ಸೀಟಿಯೂ ಇರಲಿಲ್ಲ. ಕಾಯಿದೆಯ ಏಳು ಪದಗಳಲ್ಲಿ ಸ್ವಾಧೀನ ಮತ್ತು ಸಾಗಣೆ ಎಂಬೆರಡರ ಬಳಿ ಈ ಸಾವುಗಳು ಸಂಭವಿಸಿದವು.

ಇದಕ್ಕೆ ನಿಯಮಗಳ ಕೊರತೆ ಕಾರಣವೆಂದು ಹೇಳಲಾಗದು. ನಿಯಮಗಳು ಹಲವು ಮೇಜುಗಳಲ್ಲಿ ಹಂಚಿಹೋಗಿರುವುದನ್ನು ಮಾತ್ರ ಗಮನಿಸಬೇಕು. ಕಲ್ಲುಗಣಿಯ ಗುತ್ತಿಗೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಸ್ಫೋಟಕದ ಪರವಾನಗಿ ನಾಗಪುರದ ಸಂಸ್ಥೆಯದು. ನಿರಾಕ್ಷೇಪಣೆ ಜಿಲ್ಲಾಧಿಕಾರಿಯದು. ಕಾರ್ಮಿಕರ ಸುರಕ್ಷತೆ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ರಸ್ತೆಯ ಮೇಲಿನ ತಪಾಸಣೆ ಪೊಲೀಸರದು. ಪ್ರತಿಯೊಂದು ಕಡತವೂ ತನ್ನಷ್ಟಕ್ಕೆ ಪೂರ್ಣವಾಗಿರಬಹುದು. ಆದರೆ ಒಂದು ಕಡ್ಡಿ ಕಾರ್ಖಾನೆಯಿಂದ ಕುಳಿಯವರೆಗೆ ಸಾಗುವ ಹಾದಿಯನ್ನು ಇಡಿಯಾಗಿ ಹಿಂಬಾಲಿಸುವ ಕಡತ ಯಾವುದು? ಲೆಕ್ಕದ ಪುಸ್ತಕವನ್ನು ಹುಟ್ಟಿಸಿದ್ದೇ ಈ ಪ್ರಶ್ನೆ. ಅದನ್ನು ತಿಂಗಳ ಕೊನೆಗೆ ಒಟ್ಟಿಗೆ ಕೂತು ತುಂಬಿದರೆ ಅಂಕಿಗಳು ತಾಳೆಯಾಗುತ್ತವೆ, ಕಡ್ಡಿಗಳು ಎಲ್ಲಿವೆಯೆಂಬುದು ತಿಳಿಯುವುದಿಲ್ಲ.

ದುಡಿಮೆಗಾಗಿ ಹೊರನಾಡಿಗೆ ಬಂದ ನಾವು ಊರಿನ ಗುಡ್ಡ ಕರಗಿತೆಂದು ಹಲುಬುವುದುಂಟು. ಈ ನಗರಗಳಲ್ಲಿ ನಾವು ಕೊಳ್ಳುವ ಮನೆಗಳೂ ಯಾವುದೋ ಊರಿನ ಜಲ್ಲಿಯ ಮೇಲೆಯೇ ನಿಂತಿವೆ. ಆದ್ದರಿಂದ ಬಂಡೆ ಸಿಡಿಸುವುದೇ ಬೇಡವೆನ್ನುವ ಹಕ್ಕು ನಮಗಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಮೂರು ಮಾತು ಕೇಳುವ ಹಕ್ಕು ಖಂಡಿತ ಇದೆ: ನಮ್ಮೂರ ಗಣಿಯ ಮದ್ದಿನ ಮನೆ ಎಲ್ಲಿದೆ, ಮದ್ದು ಯಾವ ವಾಹನದಲ್ಲಿ ಬರುತ್ತದೆ, ಸಂಜೆ ಉಳಿದದ್ದು ರಾತ್ರಿ ಎಲ್ಲಿರುತ್ತದೆ. ಹುಣಸೋಡಿನಲ್ಲಿ ಸತ್ತವರ ಮಗ್ಗುಲಲ್ಲಿದ್ದ ಲಾರಿಯ ಬಗ್ಗೆ ಈ ಮೂರರಲ್ಲಿ ಒಂದನ್ನಾದರೂ ಯಾರಾದರೂ ಹೊತ್ತಿಗೆ ಸರಿಯಾಗಿ ಕೇಳಿದ್ದರೆ, ಆ ರಾತ್ರಿ ಶಿವಮೊಗ್ಗದ ಜನ ನಿದ್ದೆಯಿಂದೆದ್ದು ಓಡಬೇಕಾಗಿರಲಿಲ್ಲ.