ಆಟೋಮ್ಯಾಟಿಕ್ ಗೇರ್‌ಬಾಕ್ಸ್: ದುಬಾರಿ ಕಾರಿನ ಮೌನರೋಗಕ್ಕೆ ಪತ್ತೆ ಮತ್ತು ಪಥ್ಯ

ಅಡಿಕೆ, ಭತ್ತ, ಮೆಕ್ಕೆಜೋಳ ಬೆಳೆಯುವ ದಾವಣಗೆರೆ ಸೀಮೆಗೆ ಐಷಾರಾಮಿ ಕಾರುಗಳು ಎರಡು ದಾರಿಯಲ್ಲಿ ಬರುತ್ತವೆ. ಹಬ್ಬ, ಮದುವೆ, ಜಾತ್ರೆಗೆಂದು ಬೆಂಗಳೂರಿನಿಂದ ಬಂದು ಮರಳುವ ಕಾರುಗಳು ಕೆಲವು. ಮರುಮಾರಾಟದಲ್ಲಿ ಕಡಿಮೆ ಬೆಲೆಗೆ ದೊರೆತು ಊರಿನಲ್ಲೇ ನೆಲೆಸುವ ಕಾರುಗಳು ಇನ್ನು ಕೆಲವು. ಎರಡಕ್ಕೂ ಸಮಾನವಾದ ಅಪಾಯವೊಂದಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಥವಾ ಜಗಳೂರಿನ ರಸ್ತೆಯಲ್ಲಿ ಅವುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಅದನ್ನು ಬಲ್ಲ ತಂತ್ರಜ್ಞರು ಹತ್ತಿರದಲ್ಲಿ ಸಿಗುವುದು ಕಷ್ಟ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಹಳೆಯ ಕಾರಿನ ವಿಷಯದಲ್ಲಿ ಗೇರ್‌ಬಾಕ್ಸ್ ಬದಲಾವಣೆಯ ಖರ್ಚು ಕೆಲವೊಮ್ಮೆ ಕಾರಿನ ಮಾರುಕಟ್ಟೆ ಬೆಲೆಯ ದೊಡ್ಡ ಪಾಲನ್ನೇ ನುಂಗಿಬಿಡುತ್ತದೆ. ಆದರೆ ಈ ರೋಗ ಬಹುಪಾಲು ಮುನ್ಸೂಚನೆ ಕೊಟ್ಟೇ ಬರುತ್ತದೆ. ಸೂಚನೆಯನ್ನು ಗುರುತಿಸಿದವರಿಗೆ ಅಲ್ಪ ಖರ್ಚಿನಲ್ಲಿ ಪಾರಾಗುವ ಅವಕಾಶವಿದೆ.

ಒಳಗೆ ಏನಿದೆ?

ಸ್ವಯಂಚಾಲಿತ ಗೇರ್‌ಬಾಕ್ಸ್ ಹೊಸತಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 'ಹೈಡ್ರಾಮ್ಯಾಟಿಕ್' ಹೆಸರಿನ ಪೂರ್ಣ ಸ್ವಯಂಚಾಲಿತ ವ್ಯವಸ್ಥೆಯನ್ನು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಪರಿಚಯಿಸಿತು. ಇಂದಿನ ವ್ಯವಸ್ಥೆಯಲ್ಲಿ ನಾಲ್ಕು ಮುಖ್ಯ ಅಂಗಗಳಿವೆ. ಎಂಜಿನ್ನಿನ ಶಕ್ತಿಯನ್ನು ತೈಲದ ಮೂಲಕ ಗೇರುಗಳಿಗೆ ದಾಟಿಸುವ ಟಾರ್ಕ್ ಕನ್ವರ್ಟರ್. ವೇಗದ ಅನುಪಾತ ಬದಲಿಸುವ ಗ್ರಹಚಕ್ರ ಮಾದರಿಯ ಗೇರುಗಳು. ಅವುಗಳನ್ನು ಹಿಡಿದು ಬಿಡುವ ಕ್ಲಚ್ ತಟ್ಟೆಗಳು. ಯಾವ ಕ್ಲಚ್ಚಿಗೆ ಯಾವಾಗ ತೈಲದ ಒತ್ತಡ ಹೋಗಬೇಕೆಂದು ನಿರ್ಧರಿಸುವ ವಾಲ್ವ್ ಬಾಡಿ. ಹಲವು ಆಧುನಿಕ ಕಾರುಗಳಲ್ಲಿ ವಾಲ್ವ್ ಬಾಡಿ ಮತ್ತು ಕಂಪ್ಯೂಟರ್ ಒಂದೇ ಘಟಕವಾಗಿದ್ದು, ಅದಕ್ಕೆ ಮೆಕಾಟ್ರಾನಿಕ್ ಎಂದು ಹೆಸರು.

ಜರ್ಮನಿಯ ಝಡ್‌ಎಫ್ ಕಂಪನಿಯ ಆರು ಗೇರಿನ 6ಎಚ್‌ಪಿ 2001ರಲ್ಲಿ ಬಿಎಂಡಬ್ಲ್ಯು 7 ಸರಣಿಯೊಂದಿಗೆ ಬಂದಿತು. ಅದರ ಉತ್ತರಾಧಿಕಾರಿ ಎಂಟು ಗೇರಿನ 8ಎಚ್‌ಪಿ ಬಿಎಂಡಬ್ಲ್ಯು, ಔಡಿ, ಜಾಗ್ವಾರ್, ಲ್ಯಾಂಡ್ ರೋವರ್‌ಗಳಲ್ಲಿ ಬಳಕೆಯಾಗಿದೆ. ಮರ್ಸಿಡಿಸ್ ಬೆಂಝ್ ತನ್ನದೇ ಏಳು ಗೇರಿನ 7ಜಿ-ಟ್ರಾನಿಕ್ಕನ್ನು 2003ರಲ್ಲೂ ಒಂಬತ್ತು ಗೇರಿನ 9ಜಿ-ಟ್ರಾನಿಕ್ಕನ್ನು 2013ರಲ್ಲೂ ತಂದಿತು. ಬಿಡದಿಯಲ್ಲಿ 2020ರಲ್ಲಿ ಜೋಡಣೆ ಆರಂಭವಾದ ಲೆಕ್ಸಸ್ ಇಎಸ್ 300ಎಚ್‌ನಂತಹ ಹೈಬ್ರಿಡ್ ಕಾರಿನಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ. ವಿದ್ಯುತ್ ಮೋಟಾರುಗಳೊಡನೆ ಬೆಸೆದ ಗ್ರಹಚಕ್ರ ಗೇರುಗಳಷ್ಟೇ ಇವೆ. ಹಾಗಾಗಿ ತಮ್ಮ ಕಾರಿನಲ್ಲಿರುವುದು ಯಾವ ಗೇರ್‌ಬಾಕ್ಸ್ ಎಂದು ತಿಳಿದುಕೊಳ್ಳುವುದು ಮಾಲೀಕರ ಮೊದಲ ಕೆಲಸ.

'ಜೀವಮಾನದ ತೈಲ' ಎಂಬ ಭ್ರಮೆ

ಎಟಿಎಫ್ ಎಂದು ಕರೆಯಲಾಗುವ ಗೇರ್ ತೈಲಕ್ಕೆ ಹಲವು ಕೆಲಸ. ಅದು ಶಕ್ತಿ ಸಾಗಿಸುತ್ತದೆ, ಕ್ಲಚ್ಚುಗಳನ್ನು ಒತ್ತುತ್ತದೆ, ಗೇರುಗಳನ್ನು ನಯಗೊಳಿಸುತ್ತದೆ, ಬಿಸಿಯನ್ನು ಹೊರಗೊಯ್ಯುತ್ತದೆ. ಹಲವು ದುಬಾರಿ ಕಾರುಗಳು 'ಜೀವಮಾನಕ್ಕೆ ಸಾಕಾಗುವ ತೈಲ' ಎಂಬ ಹೇಳಿಕೆಯೊಂದಿಗೆ ಮಾರಾಟವಾದವು. ಹೀಗಾಗಿ ಲಕ್ಷ ಕಿ.ಮೀ. ದಾಟಿದರೂ ಒಮ್ಮೆಯೂ ತೈಲ ಬದಲಿಸದ ಕಾರುಗಳು ಮರುಮಾರಾಟಕ್ಕೆ ಬರುತ್ತವೆ. ಆದರೆ ಗೇರ್‌ಬಾಕ್ಸ್ ತಯಾರಕರಾದ ಝಡ್‌ಎಫ್ ಕಂಪನಿಯೇ ಚಾಲನೆಯ ರೀತಿಯನ್ನು ಅನುಸರಿಸಿ 80 ಸಾವಿರದಿಂದ 1.20 ಲಕ್ಷ ಕಿ.ಮೀ. ಒಳಗೆ ಅಥವಾ ಗರಿಷ್ಠ 8 ವರ್ಷಕ್ಕೊಮ್ಮೆ ತೈಲ ಬದಲಿಸುವಂತೆ ಸಲಹೆ ನೀಡುತ್ತದೆ. ಮರ್ಸಿಡಿಸ್ ಬೆಂಝ್‌ನ 1996ರ ಐದು ಗೇರಿನ 722.6 ಕೂಡ ಮೊದಲಿಗೆ ಜೀವಮಾನದ ತೈಲದೊಂದಿಗೆ ಬಂದಿದ್ದು, ಬಳಿಕದ ವರ್ಷಗಳಲ್ಲಿ ತೈಲ ಬದಲಾವಣೆ ಅದರ ಸೇವಾ ಪಟ್ಟಿಗೆ ಸೇರಿತು. ಬಿಸಿ, ಧೂಳು, ನಿಂತು ಹೊರಡುವ ಸಂಚಾರ ಹೆಚ್ಚಿರುವ ನಮ್ಮ ರಸ್ತೆಗಳಿಗೆ ಈ ಮಿತಿಯ ಕೆಳತುದಿಯೇ ಸೂಕ್ತ.

ತೈಲದ ಆಯ್ಕೆಯಲ್ಲೂ ರಾಜಿ ಸಲ್ಲದು. ಕ್ಲಚ್ ತಟ್ಟೆಯ ಘರ್ಷಣೆಗೆ ತಕ್ಕಂತೆ ತೈಲದ ರಾಸಾಯನಿಕ ಗುಣ ರೂಪಿತವಾಗಿರುತ್ತದೆ. ಬಣ್ಣ ನೋಡಿ ತೈಲ ಆರಿಸುವುದು ತಪ್ಪು: ಬಹುತೇಕ ಎಟಿಎಫ್‌ಗಳು ಕೆಂಪಾದರೂ ಹಸಿರು, ನೀಲಿ ಬಣ್ಣದವೂ ಇವೆ. ಮಾಲೀಕರ ಕೈಪಿಡಿ ಹೇಳುವ ಸಂಖ್ಯೆಯ ತೈಲವನ್ನೇ ಹಾಕಿಸಬೇಕು.

ರೋಗಲಕ್ಷಣಗಳು

* ವಿಳಂಬ: 'ಡಿ' ಅಥವಾ 'ಆರ್'ಗೆ ಹಾಕಿ ಎರಡು-ಮೂರು ಸೆಕೆಂಡ್ ಕಳೆದರೂ ಕಾರು ಎಳೆತಕ್ಕೆ ಬಾರದಿರುವುದು. ತೈಲದ ಕೊರತೆ ಅಥವಾ ಒತ್ತಡ ಸೋರಿಕೆಯನ್ನು ಮೊದಲು ಶಂಕಿಸಬೇಕು.

* ಜಾರುವಿಕೆ: ಗೇರ್ ಬದಲಾಗುವಾಗ ಎಂಜಿನ್ ಸುತ್ತುಗಳು ಏರಿ, ವೇಗ ಮಾತ್ರ ಏರದಿರುವುದು. ಕ್ಲಚ್ ಸವೆಯುತ್ತಿದೆ ಅಥವಾ ಅದಕ್ಕೆ ಒತ್ತಡ ಸಾಲುತ್ತಿಲ್ಲ ಎಂದರ್ಥ.

* ನಡುಕ: ಹದವಾಗಿ ವೇಗವರ್ಧಕ ಒತ್ತಿ ಸಾಗುವಾಗ ಉಬ್ಬು-ತಗ್ಗಿನ ಪಟ್ಟಿಗಳ ಮೇಲೆ ಓಡಿದಂತೆ ಕಾರು ಅದುರುವುದು. ಇದು ಹೆಚ್ಚಾಗಿ ಟಾರ್ಕ್ ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ಚಿನ ದೂರು.

* ಹೊಡೆತ: ನಿಲ್ಲುವಾಗ ಅಥವಾ ಗೇರ್ ಇಳಿಯುವಾಗ ಹಿಂದಿನಿಂದ ಯಾರೋ ನೂಕಿದ ಅನುಭವ.

* ತುರ್ತು ಸ್ಥಿತಿ: ಎಚ್ಚರಿಕೆ ದೀಪ ಹೊತ್ತಿ, ಕಾರು ಒಂದೇ ಗೇರಿನಲ್ಲಿ ಸಿಲುಕುವುದು. ಹೆಚ್ಚಿನ ಹಾನಿ ತಪ್ಪಿಸಲು ಕಂಪ್ಯೂಟರ್ ತಾನಾಗಿ ಕೈಗೊಳ್ಳುವ ಕ್ರಮವಿದು. ಎಂಜಿನ್ ಆರಿಸಿ ಮತ್ತೆ ಹಚ್ಚಿದರೆ ಕೆಲವೊಮ್ಮೆ ಸರಿಹೋದಂತೆ ಕಾಣುತ್ತದೆ. ರೋಗ ವಾಸಿಯಾಯಿತೆಂದು ನಂಬಬಾರದು.

ಪತ್ತೆಯ ಸರಿಯಾದ ಕ್ರಮ

'ಗೇರ್‌ಬಾಕ್ಸ್ ಹೋಗಿದೆ, ಬದಲಿಸಬೇಕು' ಎಂಬ ತೀರ್ಪು ಕೊನೆಯ ಮಾತಾಗಬೇಕೇ ಹೊರತು ಮೊದಲ ಮಾತಾಗಬಾರದು. ಅಗ್ಗದ ಕಾರಣದಿಂದ ದುಬಾರಿ ಕಾರಣದತ್ತ ಸಾಗುವುದೇ ಶಾಸ್ತ್ರೀಯ ಕ್ರಮ.

ಮೊದಲನೆಯದು ಬ್ಯಾಟರಿ. ವೋಲ್ಟೇಜ್ ಕುಸಿದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಇಲ್ಲದ ದೋಷ ತೋರಿಸಬಲ್ಲದು. ಎರಡನೆಯದು ದೋಷಸಂಕೇತಗಳ ಓದು. ಪಿ0700 ಎಂಬುದು ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ದೂರು ದಾಖಲಾಗಿದೆ ಎಂಬ ಸೂಚನೆ ಮಾತ್ರ. ಪಿ0715 ವೇಗ ಅಳೆಯುವ ಸಂವೇದಕದ, ಪಿ0730 ಗೇರ್ ಅನುಪಾತದ, ಪಿ0741 ಲಾಕಪ್ ಕ್ಲಚ್ಚಿನ ದೂರು. ಸಾಮಾನ್ಯ ಸ್ಕ್ಯಾನರ್ ಎಂಜಿನ್ ಸಂಕೇತಗಳನ್ನಷ್ಟೇ ಓದುವುದುಂಟು. ಗೇರ್‌ಬಾಕ್ಸ್ ಕಂಪ್ಯೂಟರನ್ನು ಓದಬಲ್ಲ ಉಪಕರಣವೇ ಬೇಕು. ಸಂಕೇತಗಳನ್ನು ಅಳಿಸುವ ಮುನ್ನ ಬರೆದಿಟ್ಟುಕೊಳ್ಳುವುದು ಅಗತ್ಯ.

ಮೂರನೆಯದು ತೈಲದ ಮಟ್ಟ. ಹಲವು ದುಬಾರಿ ಕಾರುಗಳಲ್ಲಿ ಅಳತೆಯ ಕಡ್ಡಿಯೇ ಇಲ್ಲ. ಝಡ್‌ಎಫ್ 6ಎಚ್‌ಪಿಯಲ್ಲಿ ಎಂಜಿನ್ ಚಾಲೂ ಇದ್ದು, ತೈಲ 30ರಿಂದ 50 ಡಿಗ್ರಿ ಸೆಲ್ಸಿಯಸ್ ಒಳಗಿರುವಾಗ, ಸಮತಟ್ಟಾದ ಕಾರಿನ ತುಂಬುರಂಧ್ರದಿಂದ ತೈಲ ಹೊರಚೆಲ್ಲುವುದನ್ನು ನೋಡಿ ಮಟ್ಟ ನಿರ್ಧರಿಸಬೇಕು. ಬಿಸಿಯಾದ ತೈಲ ಹಿಗ್ಗುವುದರಿಂದ ತಾಪ ತಪ್ಪಿದರೆ ಅಳತೆಯೂ ತಪ್ಪುತ್ತದೆ.

ನಾಲ್ಕನೆಯದು ಸೋರಿಕೆ. 6ಎಚ್‌ಪಿಯಲ್ಲಿ ಮೆಕಾಟ್ರಾನಿಕ್ ಘಟಕದ ತಂತಿ ಜೋಡಣೆಯ ಸುತ್ತಲಿನ ತೋಳು, ಪ್ಲಾಸ್ಟಿಕ್ ತೈಲತೊಟ್ಟಿ ಕಾಲಾನಂತರ ಸೋರುವುದು ಸರ್ವವಿದಿತ. 722.6ರಲ್ಲಿ 13 ಪಿನ್‌ಗಳ ವಿದ್ಯುತ್ ಜೋಡಣೆಯ ರಬ್ಬರ್ ಉಂಗುರ ಗಟ್ಟಿಯಾಗಿ, ತೈಲ ತಂತಿಯೊಳಗೆ ಏರಿ ಕಂಪ್ಯೂಟರನ್ನೇ ಮುಟ್ಟುವುದುಂಟು. ಸಣ್ಣ ರಬ್ಬರ್ ಉಂಗುರದ ಈ ದೋಷವನ್ನು ಅರಿಯದವರು ಇಡೀ ಗೇರ್‌ಬಾಕ್ಸನ್ನೇ ಬಿಚ್ಚುವ ಅಪಾಯವಿದೆ.

ಐದನೆಯದು ತೊಟ್ಟಿಯ ತಪಾಸಣೆ. ಅಯಸ್ಕಾಂತದ ಮೇಲೆ ತೆಳು ಬೂದುಬಣ್ಣದ ಲೇಪ ಸಹಜ. ಹೊಳೆಯುವ ಲೋಹದ ಚೂರು, ಕಪ್ಪು ಕ್ಲಚ್ ತುಣುಕು, ಸುಟ್ಟ ವಾಸನೆ ಕಂಡರೆ ಒಳಗಿನ ಭಾಗಗಳು ಸವೆದಿವೆ ಎಂದೇ ತಿಳಿಯಬೇಕು. ಅಂಥ ಸ್ಥಿತಿಯಲ್ಲಿ ಕೇವಲ ತೈಲ ಬದಲಾವಣೆ ಪರಿಹಾರವಲ್ಲ.

ನಡುಕದ ಮೂಲ ಪತ್ತೆಗೆ ಸರಳ ಪರೀಕ್ಷೆಯೊಂದಿದೆ. ಖಾಲಿ ರಸ್ತೆಯಲ್ಲಿ ನಡುಕ ಬಂದಾಗ ವೇಗವರ್ಧಕವನ್ನು ಹಾಗೆಯೇ ಹಿಡಿದು ಬ್ರೇಕನ್ನು ಎಡಗಾಲಿನಿಂದ ತುಸುವೇ ಮುಟ್ಟಿದರೆ ಹಲವು ಕಾರುಗಳಲ್ಲಿ ಲಾಕಪ್ ಕ್ಲಚ್ ಬಿಡುತ್ತದೆ. ಆಗ ನಡುಕ ನಿಂತರೆ ಲಾಕಪ್ ಕ್ಲಚ್ ಅಥವಾ ತೈಲದ ಮೇಲೆ ಶಂಕೆ. ಮುಂದುವರಿದರೆ ಎಂಜಿನ್ ಇಗ್ನಿಷನ್, ಎಂಜಿನ್ ಮೌಂಟ್, ಪ್ರೊಪೆಲರ್ ಶಾಫ್ಟ್‌ಗಳತ್ತ ನೋಡಬೇಕು. ನುರಿತ ಚಾಲಕರು ಮಾತ್ರ ಇದನ್ನು ಮಾಡಬೇಕು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಹೊರೆ

ಜಗಳೂರು ಬರಪೀಡಿತ ಬಯಲುಸೀಮೆ. ಬೇಸಿಗೆಯ ಬಿಸಿಲು ಮತ್ತು ಧೂಳು ರೇಡಿಯೇಟರ್ ಹಾಗೂ ತೈಲ ತಂಪುಗಾರಕದ ಸಂದುಗಳನ್ನು ಮುಚ್ಚುತ್ತವೆ. ಬಿಸಿ ಏರಿದಂತೆ ತೈಲದ ಆಯುಷ್ಯ ಕುಗ್ಗುತ್ತದೆ. ಬೇಸಿಗೆಗೆ ಮುನ್ನ ಈ ಸಂದುಗಳನ್ನು ಮೃದು ನೀರಿನ ಧಾರೆಯಿಂದ ಶುಚಿಗೊಳಿಸುವುದು ಲೇಸು.

ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ನೀರಿನದೇ ಭಯ. 2019ರ ಆಗಸ್ಟ್ ನೆರೆಯಲ್ಲಿ ಪಟ್ಟಣದ ತಗ್ಗು ಪ್ರದೇಶಗಳು ಜಲಾವೃತವಾದದ್ದನ್ನು ಜನ ಮರೆತಿಲ್ಲ. ಗೇರ್‌ಬಾಕ್ಸಿನ ಉಸಿರುನಾಳದ ಮೂಲಕ ನೀರು ಒಳಸೇರಿದರೆ ತೈಲ ಹಾಲು ಬೆರೆತ ಗುಲಾಬಿ ಬಣ್ಣಕ್ಕೆ ತಿರುಗಿ, ಕ್ಲಚ್ ತಟ್ಟೆಯ ಅಂಟು ಬಿಡುತ್ತದೆ. ಮುಳುಗಿದ ಕಾರನ್ನು ಹಚ್ಚಲು ಯತ್ನಿಸದೆ ನೇರವಾಗಿ ತಪಾಸಣೆಗೆ ಒಯ್ಯಬೇಕು.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ತೀರ್ಥರಾಮೇಶ್ವರದಂತಹ ಬೆಟ್ಟದ ದಾರಿಗಳಿವೆ. ಏರಿನಲ್ಲಿ ಕಾರನ್ನು ವೇಗವರ್ಧಕದಿಂದಲೇ ತಡೆದು ನಿಲ್ಲಿಸಿದರೆ ಟಾರ್ಕ್ ಕನ್ವರ್ಟರ್ ಕ್ಷಣಗಳಲ್ಲಿ ಕಾಯುತ್ತದೆ; ಬ್ರೇಕ್ ಬಳಸಬೇಕು. ಇಳಿಜಾರಿನಲ್ಲಿ 'ಎನ್'ಗೆ ಹಾಕಿ ಬಿಡುವುದು ಅಪಾಯಕರ. ಕೈಯಾರೆ ಕೆಳಗೇರಿಗೆ ಇಳಿಸಿ ಎಂಜಿನ್ ಹಿಡಿತ ಪಡೆಯಬೇಕು.

ಚನ್ನಗಿರಿಯಲ್ಲಿ ಮನೆ, ಅಡಿಕೆ ತೋಟ, ಮಂಡಿಗಳ ನಡುವಿನ ಕಿರುಪಯಣವೇ ಹೆಚ್ಚು. ತೈಲ ಹದವಾಗಿ ಕಾಯುವ ಮುನ್ನವೇ ಕಾರು ನಿಲ್ಲುತ್ತದೆ. ಇಂಥ ಕಾರಿಗೆ ಕಿ.ಮೀ. ಲೆಕ್ಕಕ್ಕಿಂತ ವರ್ಷದ ಲೆಕ್ಕ ಮುಖ್ಯ. ತೋಟದ ಹಾದಿಯ ಕಲ್ಲುಗಳಿಂದ ಪ್ಲಾಸ್ಟಿಕ್ ತೈಲತೊಟ್ಟಿ ಒಡೆಯದಂತೆ ಕೆಳಗವಚ ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು.

ದಾರಿಯಲ್ಲಿ ಕೆಟ್ಟರೆ

ಹಳ್ಳಿ ದಾರಿಯಲ್ಲಿ ಕೆಟ್ಟ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು ವಾಡಿಕೆ. ಆಟೋಮ್ಯಾಟಿಕ್ ಕಾರಿಗೆ ಇದು ಮಾರಕವಾಗಬಲ್ಲದು. ಬಹುತೇಕ ಗೇರ್‌ಬಾಕ್ಸಿನ ತೈಲ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ಆರಿದಾಗ ಚಕ್ರಗಳು ಉರುಳಿದರೆ ಒಳಗಿನ ಭಾಗಗಳು ತೈಲವಿಲ್ಲದೆ ಉಜ್ಜುತ್ತವೆ. ಸಣ್ಣ ಸಂವೇದಕದ ದೋಷ ಕೆಲವೇ ಕಿ.ಮೀ.ಗಳಲ್ಲಿ ಪೂರ್ಣ ನಾಶವಾಗಿ ಮಾರ್ಪಡುತ್ತದೆ. ಕಾರನ್ನು ಸಮತಟ್ಟು ಹಾಸಿನ ಲಾರಿಯ ಮೇಲೆ ಏರಿಸಿಯೇ ಸಾಗಿಸಬೇಕು. ಅಪಾಯದ ಸ್ಥಳದಿಂದ ಸರಿಸುವುದು ಅನಿವಾರ್ಯವಾದರೆ ಕೈಪಿಡಿ ಹೇಳುವ ದೂರ ಮತ್ತು ವೇಗದ ಮಿತಿಯನ್ನು ಮೀರಕೂಡದು.

ದಿನನಿತ್ಯದ ಪಥ್ಯ

ಕಾರು ಸಂಪೂರ್ಣ ನಿಂತ ಮೇಲೆಯೇ 'ಡಿ'ಯಿಂದ 'ಆರ್'ಗೆ ಬದಲಿಸಬೇಕು. ನಿಲುಗಡೆಯಲ್ಲಿ ಮೊದಲು ಕೈಬ್ರೇಕ್ ಹಾಕಿ, ಬ್ರೇಕ್ ಸಡಿಲಿಸಿ, ಕಾರಿನ ಭಾರ ಕೈಬ್ರೇಕಿನ ಮೇಲೆ ಕುಳಿತ ನಂತರ 'ಪಿ'ಗೆ ಹಾಕಬೇಕು. ಹೊರಟ ಮೊದಲ ಕೆಲವು ನಿಮಿಷ ಹದವಾಗಿ ಓಡಿಸಬೇಕು. ತೈಲದೊಂದಿಗೆ ಫಿಲ್ಟರನ್ನೂ ಬದಲಿಸಿ, ತಯಾರಕರು ಸೂಚಿಸಿದಲ್ಲಿ ಕಂಪ್ಯೂಟರಿನ ಹೊಂದಾಣಿಕೆ ಮೌಲ್ಯಗಳನ್ನು ಮರುಹೊಂದಿಸಬೇಕು.

ಹಳೆಯ ಕಾರು ಕೊಳ್ಳುವವರು ರಾತ್ರಿಯಿಡೀ ನಿಂತು ತಣ್ಣಗಿರುವ ಕಾರನ್ನೇ ಪರೀಕ್ಷಿಸಬೇಕು. ಮೊದಲು ತಣ್ಣಗಿರುವಾಗ, ಬಳಿಕ ಅರ್ಧ ಗಂಟೆ ಓಡಿಸಿ ಬಿಸಿಯಾದಾಗ ಎಲ್ಲ ಗೇರುಗಳನ್ನೂ ನೋಡಬೇಕು. ತೈಲ ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಭಾವಿಸಿ ಬೆಲೆ ಮಾತನಾಡುವುದು ಜಾಣತನ.

ಹಕ್ಕು ಮತ್ತು ವಿಮೆ

ಸಾಮಾನ್ಯ ವಾಹನ ವಿಮೆ ಯಾಂತ್ರಿಕ ಕೆಡುವಿಕೆ ಮತ್ತು ಸವೆತವನ್ನು ಭರಿಸುವುದಿಲ್ಲ. ನದಿ ದಡದವರು ಎಂಜಿನ್ ಹಾಗೂ ಗೇರ್‌ಬಾಕ್ಸ್ ರಕ್ಷಣೆಯ ಹೆಚ್ಚುವರಿ ಸೌಲಭ್ಯದ ಷರತ್ತುಗಳನ್ನು ಓದಿ ಪಡೆಯುವುದು ಒಳಿತು. ದುರಸ್ತಿಯಲ್ಲಿ ಲೋಪವಾದರೆ 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ನೀಡಬಹುದು. ಸೇವೆ ದೊರೆತದ್ದು ಬೆಂಗಳೂರಿನಲ್ಲಾದರೂ ಅಡ್ಡಿಯಿಲ್ಲ. ಪಾವತಿಸಿದ ಮೊತ್ತ 50 ಲಕ್ಷ ರೂ. ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ದೋಷಸಂಕೇತಗಳ ಮುದ್ರಿತ ಪ್ರತಿ, ಖರ್ಚಿನ ಅಂದಾಜು, ಬದಲಿಸಿದ ಹಳೆಯ ಬಿಡಿಭಾಗಗಳನ್ನು ಕೇಳಿ ಪಡೆದುಕೊಂಡವರ ವಾದಕ್ಕೆ ಬಲ ಹೆಚ್ಚು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಗೇರ್‌ಬಾಕ್ಸಿಗೂ ಒಪ್ಪುತ್ತದೆ. ಮೊದಲ ನಡುಕ, ಮೊದಲ ಹನಿ ತೈಲ, ಮೊದಲ ವಿಳಂಬ ಕಂಡಾಗಲೇ ಎಚ್ಚೆತ್ತರೆ ಬಾಗಿಲು ಇನ್ನೂ ನಮ್ಮ ಕೈಯಲ್ಲೇ ಇರುತ್ತದೆ.