‘ಚಾಕ್-ಅ-ಬ್ಲಾಕ್’: ಹಡಗಿನ ಹಗ್ಗದಿಂದ ನಮ್ಮ ಬಸ್ಸಿನವರೆಗೆ



ಜೋಯಿಡಾದಿಂದ ದಾಂಡೇಲಿಗೆ, ಮುಂಡಗೋಡದಿಂದ ಹುಬ್ಬಳ್ಳಿಗೆ ಕಾಲೇಜಿಗೆ ಹೋಗೋರು ಇದನ್ನ ಬಸ್ಸಲ್ಲಿ ನಿಂತ್ಕೊಂಡೇ ಕೇಳ್ತಿರಬಹುದು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಕಂಡಕ್ಟರ್ ‘ಒಳಗ ಸರೀರಿ’ ಅಂತಾರೆ. ಸರಿಯೋಕೆ ಜಾಗ ಎಲ್ಲಿದೆ? ಎಳ್ಳು ಹಾಕಿದ್ರೂ ಕೆಳಗೆ ಬೀಳಲ್ಲ. ಇಂಥ ಬಸ್ಸಿಗೆ ನಾವು ‘ಕಿಕ್ಕಿರಿದಿದೆ’ ಅಂತೀವಿ. ಇಂಗ್ಲಿಷಿನವರು ‘ಚಾಕ್-ಅ-ಬ್ಲಾಕ್’ ಅಂತಾರೆ.

ಈ ಪದ ಹುಟ್ಟಿದ್ದು ಜನಸಂದಣಿಯಲ್ಲಲ್ಲ, ಹಾಯಿ ಹಡಗಿನಲ್ಲಿ. ಹಡಗಿನಲ್ಲಿ ಭಾರ ಎತ್ತೋಕೆ ಎರಡು ರಾಟೆಗಳು, ನಡುವೆ ಹಗ್ಗ. ರಾಟೆ ಕೂರಿಸಿದ ಮರದ ತುಂಡಿಗೆ ‘ಬ್ಲಾಕ್’ ಅಂತ ಹೆಸರು. ಹಗ್ಗ ಎಳೆದಂತೆಲ್ಲ ಎರಡೂ ಬ್ಲಾಕ್ ಹತ್ತಿರ ಬರ್ತವೆ. ಕೊನೆಗೆ ಒಂದಕ್ಕೊಂದು ತಾಗಿ ನಿಂತುಬಿಡ್ತವೆ. ಆಮೇಲೆ ಹತ್ತು ಜನ ಸೇರಿ ಎಳೆದರೂ ಒಂದಿಂಚು ಕದಲಲ್ಲ. ಅದೇ ಚಾಕ್-ಅ-ಬ್ಲಾಕ್. ಅಮೆರಿಕದ ರಿಚರ್ಡ್ ಹೆನ್ರಿ ಡೇನಾ ನಾವಿಕನಾಗಿ ದುಡಿದು, 1840ರಲ್ಲಿ ಪ್ರಕಟಿಸಿದ ಸಮುದ್ರಯಾನದ ಪುಸ್ತಕದಲ್ಲಿ ಈ ಪದವನ್ನ ಹಗ್ಗ ಎಳೆಯೋ ಅರ್ಥದಲ್ಲೇ ಬಳಸಿದ್ದಾನೆ. ‘ತುಂಬಿ ತುಳುಕುವ’ ಅನ್ನೋ ಅರ್ಥ ಆಮೇಲೆ ಬಂದದ್ದು. ಆ ಅರ್ಥಕ್ಕೆ ‘ಚಾಕ್-ಫುಲ್’ ಅನ್ನೋ ಪದ ಸುಮಾರು 1400ರ ಹೊತ್ತಿಗೇ ಇಂಗ್ಲಿಷಿನಲ್ಲಿತ್ತು.

ಹಡಗಿಗೂ ನಮ್ಮ ಕಾಡಿಗೂ ಏನು ಸಂಬಂಧ ಅಂತೀರಾ? ತೇಗ. ಟಿಪ್ಪು 1799ರಲ್ಲಿ ಮಡಿದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಹಳಿಯಾಳ, ದಾಂಡೇಲಿ, ಮುಂಡಗೋಡದ ಸುತ್ತ ಇರೋದು ತೇಗ ಬೆಳೆಯೋ ಕಾಡು. ಬೊಂಬಾಯಿಯ ಹಡಗುಕಟ್ಟೆಗೆ ಬೇಕಾಗಿದ್ದೂ ಪಶ್ಚಿಮ ಕರಾವಳಿಯ ತೇಗವೇ. ಅಲ್ಲಿ 1817ರಲ್ಲಿ ನೀರಿಗಿಳಿದ ತೇಗದ ಹಡಗು ‘ಟ್ರಿಂಕೋಮಲಿ’ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲ್ತಾ ಇದೆ. ಪದ ನಮ್ಮದಲ್ಲ. ಆದ್ರೆ ಆ ಪದ ಓಡಾಡಿದ ಲೋಕಕ್ಕೆ ಮರ ಹೋಗಿದ್ದು ನಮ್ಮ ಕರಾವಳಿಯಿಂದ.

ಈಗ ಮತ್ತೆ ಬಸ್ಸಿಗೆ ಬರೋಣ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು, ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾಯ್ತು. ಬಸ್ ತುಂಬಿದ ಕೂಡಲೇ ಗೊಣಗೋದು ಯಾರ ಮೇಲೆ? ಹತ್ತಿದವರ ಮೇಲೆ. ಸಂತೆಗೋ ಆಸ್ಪತ್ರೆಗೋ ಹೊರಟ ಅಜ್ಜಿ ಮೇಲೆ, ಕಾಲೇಜಿಗೆ ಹೊರಟ ಹುಡುಗಿ ಮೇಲೆ.

ನಾವಿಕರು ಹಾಗೆ ಮಾಡ್ತಿರಲಿಲ್ಲ. ಬ್ಲಾಕಿಗೆ ಬ್ಲಾಕ್ ತಾಗಿದ್ರೆ ‘ಇನ್ನೂ ಎಳೀರಿ’ ಅಂತ ಕೂಗಿ ಪ್ರಯೋಜನ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಹಗ್ಗ ಸಡಿಲಿಸಿ, ಎರಡೂ ಬ್ಲಾಕನ್ನ ಮತ್ತೆ ದೂರ ಸರಿಸಿ, ಹೊಸದಾಗಿ ಎಳೀತಿದ್ರು.

ಕನ್ನಡದ ‘ಇಕ್ಕಟ್ಟು’ ಕೂಡ ಹಾಗೇ. ಜಾಗ ಸಾಲದ್ದೂ ಇಕ್ಕಟ್ಟೇ, ದಾರಿ ಕಾಣದ ಪರಿಸ್ಥಿತಿಯೂ ಇಕ್ಕಟ್ಟೇ. ಬಸ್ ನಿಲ್ಲಿಸದೇ ಹೋದಾಗ ಸ್ಟಾಪಲ್ಲಿ ಉಳಿದ ಹುಡುಗಿಗೆ ಎರಡೂ ಒಟ್ಟಿಗೇ ಅರ್ಥವಾಗುತ್ತೆ. ಆಕೆಗೆ ಬೇಕಿರೋದು ‘ಒಳಗ ಸರೀರಿ’ ಅನ್ನೋ ಮಾತಲ್ಲ, ಇನ್ನೊಂದು ಬಸ್ಸು.

ಮುಂದಿನ ಸಂಚಿಕೆಯಲ್ಲಿ ಮತ್ತೊಂದು ಪದದ ಜೊತೆ ಸಿಗೋಣ. ಕಂಬಿ ಗಟ್ಟಿ ಹಿಡ್ಕೊಳ್ಳಿ.