ಫ್ರೆಂಚ್ ವಸಾಹತುಗಳ ಸ್ಮರಣಾರ್ಥ ಅಂಚೆಚೀಟಿಗಳು: ಚಿತ್ರ ಒಂದೇ, ಹೆಸರು ಹಲವು

ಒಂದೇ ಸಂದರ್ಭಕ್ಕೆ, ಒಂದೇ ವಿನ್ಯಾಸದಲ್ಲಿ, ಹೆಸರನ್ನಷ್ಟೇ ಬದಲಿಸಿ ಹಲವು ವಸಾಹತುಗಳಿಗೆ ಹೊರತಂದ ಅಂಚೆಚೀಟಿಗಳನ್ನು ಸಂಗ್ರಾಹಕರು 'ಆಮ್ನಿಬಸ್ ಸರಣಿ' ಎನ್ನುತ್ತಾರೆ. ಫ್ರೆಂಚ್ ಸಾಮ್ರಾಜ್ಯ ತನ್ನನ್ನು ಹೇಗೆ ಬಿಂಬಿಸಿಕೊಳ್ಳಲು ಬಯಸಿತೆಂಬುದಕ್ಕೆ ಇವು ದಾಖಲೆಗಳಾಗಿವೆ.

ಆರಂಭ

1931ರ ಮೇ ತಿಂಗಳಿನಿಂದ ನವೆಂಬರ್‌ವರೆಗೆ ಪ್ಯಾರಿಸ್‌ನಲ್ಲಿ ನಡೆದ ವಸಾಹತು ಪ್ರದರ್ಶನದ ಸ್ಮರಣಾರ್ಥ ಬಹುತೇಕ ವಸಾಹತುಗಳಿಗೆ ತಲಾ 4 ಚೀಟಿಗಳ ಸರಣಿ ಹೊರಬಂದಿತು. ಸಾಮ್ರಾಜ್ಯದ ಜನರು, ವಸಾಹತು ವಾಣಿಜ್ಯ ಮೊದಲಾದವು ಅದರ ಚಿತ್ರಗಳು. 1937ರ ಪ್ಯಾರಿಸ್ ಅಂತಾರಾಷ್ಟ್ರೀಯ ಪ್ರದರ್ಶನಕ್ಕೆ 6 ಚೀಟಿಗಳು ಬಂದವು. 1938ರಲ್ಲಿ ಕ್ಯೂರಿ ದಂಪತಿಯ ಚಿತ್ರವಿದ್ದ ಚೀಟಿಯನ್ನು ಕ್ಯಾನ್ಸರ್ ವಿರುದ್ಧದ ಹೋರಾಟದ ನಿಧಿಗಾಗಿ ಹೆಚ್ಚುವರಿ ದರ ಸೇರಿಸಿ ಮಾರಲಾಯಿತು. 1939ರಲ್ಲಿ ಫ್ರೆಂಚ್ ಕ್ರಾಂತಿಯ 150ನೇ ವರ್ಷಾಚರಣೆಯ ಸರಣಿ ಬಂದಿತು. ಬಾಸ್ಟೀಲ್ ಸೆರೆಮನೆಯ ಮೇಲಿನ ದಾಳಿಯ ಆ ಚಿತ್ರದ ಮೇಲೆ ಅಚ್ಚಾಗಿದ್ದುದು ಸ್ವಾತಂತ್ರ್ಯವಿಲ್ಲದ ನಾಡುಗಳ ಹೆಸರು.

ಫ್ರೆಂಚ್ ಭಾರತ

ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಂ ಮತ್ತು ಚಂದ್ರನಗರಗಳನ್ನೊಳಗೊಂಡ ಫ್ರೆಂಚ್ ಭಾರತದ ಚೀಟಿಗಳನ್ನು ಬೆಲೆಯಿಂದಲೇ ಗುರುತಿಸಬಹುದು. 1923ರಿಂದ ಅವುಗಳ ಮೇಲೆ ಫ್ರಾಂಕ್ ಬದಲು 'ಫನೋಂ' ಮತ್ತು 'ಕಾಶ್' ಮುದ್ರಿತವಾದವು. 24 ಕಾಶ್‌ಗೆ 1 ಫನೋಂ, 8 ಫನೋಂಗೆ 1 ರೂಪಾಯಿ. ಮೊದಲನೆಯದು ಕನ್ನಡದ 'ಹಣ'ಕ್ಕೆ, ಎರಡನೆಯದು 'ಕಾಸು' ಪದಕ್ಕೆ ಬಂಧು.

ಯುದ್ಧಕಾಲದ ಗೊಂದಲ

1940ರಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದಾಗ ಫ್ರೆಂಚ್ ಭಾರತದ ಆಡಳಿತ ಜನರಲ್ ಡಿಗಾಲ್ ಪಕ್ಷ ವಹಿಸಿತು. 1941ರಲ್ಲಿ ಹಳೆಯ ಚೀಟಿಗಳ ಮೇಲೆ 'ಫ್ರಾನ್ಸ್ ಲೀಬ್ರ್', ಅಂದರೆ 'ಸ್ವತಂತ್ರ ಫ್ರಾನ್ಸ್' ಎಂದು ಮೇಲಚ್ಚು ಹಾಕಲಾಯಿತು. ಅದೇ ವರ್ಷ ವಿಶಿ ಸರ್ಕಾರ ಮಾರ್ಷಲ್ ಪೆತ್ಯಾಂ ಚಿತ್ರದ ಚೀಟಿಗಳನ್ನು ಫ್ರೆಂಚ್ ಭಾರತದ ಹೆಸರಿನಲ್ಲಿ ಹೊರಡಿಸಿತು. ಆದರೆ ಅವು ಇಲ್ಲಿನ ಅಂಚೆ ಕಚೇರಿಗಳಲ್ಲಿ ಮಾರಾಟವಾಗಲೇ ಇಲ್ಲ.

ಕೊನೆಯ ಅಧ್ಯಾಯ

1954ರ ಜೂನ್‌ನಲ್ಲಿ, ಜರ್ಮನಿಯ ಹಿಡಿತದಿಂದ ಫ್ರಾನ್ಸ್ ಬಿಡುಗಡೆಗೊಂಡ 10ನೇ ವರ್ಷದ ಸ್ಮರಣೆಗೆ ಫ್ರೆಂಚ್ ಭಾರತದ ಹೆಸರಿನಲ್ಲೂ ವಿಮಾನ ಅಂಚೆಚೀಟಿ ಬಂದಿತು. ಅದೇ ತಿಂಗಳು ಯಾನಂ, ಜುಲೈ 16ರಂದು ಮಾಹೆ ಫ್ರೆಂಚರ ಕೈತಪ್ಪಿದವು. ನವೆಂಬರ್ 1ರಂದು ಉಳಿದ ಪ್ರದೇಶಗಳ ಆಡಳಿತವೂ ಭಾರತಕ್ಕೆ ಹಸ್ತಾಂತರವಾಯಿತು; ಚಂದ್ರನಗರ 1950ರಲ್ಲೇ ಭಾರತದ ಆಡಳಿತಕ್ಕೆ ಸೇರಿತ್ತು. 1962ರಲ್ಲಿ ಹಸ್ತಾಂತರಕ್ಕೆ ಕಾನೂನಿನ ಪೂರ್ಣ ಮಾನ್ಯತೆ ದೊರೆಯಿತು.

ಸಂಗ್ರಾಹಕರಿಗೆ ಸೂಚನೆ

* ಮೇಲಚ್ಚಿನ ಚೀಟಿಗಳಲ್ಲಿ ನಕಲಿಗಳಿವೆ. ದುಬಾರಿಯಾದುದನ್ನು ತಜ್ಞರ ಪ್ರಮಾಣಪತ್ರವಿಲ್ಲದೆ ಕೊಳ್ಳಬಾರದು.
* ಬಳಸಿದ ಚೀಟಿಯಲ್ಲಿ ಮುದ್ರೆಯ ಊರು ಮತ್ತು ದಿನಾಂಕವನ್ನು ಪರಿಶೀಲಿಸಬೇಕು. ಸ್ಥಳೀಯ ಮುದ್ರೆಯಿರುವ ಪೂರ್ಣ ಲಕೋಟೆಯಿಂದ ಚೀಟಿಯನ್ನು ಬಿಡಿಸಬಾರದು.
* ತೇವದಿಂದ ಹಿಂಬದಿಯ ಅಂಟು ಕೆಡುವುದರಿಂದ ಮಳೆಗಾಲದಲ್ಲಿ ಆಲ್ಬಮ್ಮನ್ನು ಒಣ ಸ್ಥಳದಲ್ಲಿ ನೇರವಾಗಿ ನಿಲ್ಲಿಸಿಡಬೇಕು.